ಪಾಯಸ ಉಂಡವನು ಸಿಕ್ಕಿಬಿದ್ದ, ಪುಡಿ ತಿಂದವನು ಪಾರಾದ!

ರಾಣೇಬೆನ್ನೂರು, ಬ್ಯಾಡಗಿ ಕಡೆಯ ಮದುವೆ ಮನೆಗಳಲ್ಲಿ ಗಸಗಸೆ ಪಾಯಸ ಉಂಡವರು ಮಧ್ಯಾಹ್ನ ಚಪ್ಪರದ ಕೆಳಗೇ ಚಾಪೆ ಹುಡುಕುವುದುಂಟು. ‘ಗಸಗಸೆಯ ಅಮಲು’ ಎಂದು ಹಿರಿಯರು ನಗುತ್ತಾರೆ. ಆ ನಿದ್ದೆಗೆ ಗಸಗಸೆ ಎಷ್ಟು ಕಾರಣ, ತುಪ್ಪ ಸುರಿದ ಹೋಳಿಗೆ ಎಷ್ಟು ಕಾರಣ ಎಂಬುದು ಬೇರೆ ಮಾತು. ಉಂಡವರಲ್ಲಿ ಒಬ್ಬ ಹುಡುಗ ಮರುದಿನ ಬೆಳಿಗ್ಗೆ ನೌಕರಿಯ ವೈದ್ಯಕೀಯ ತಪಾಸಣೆಗೆ ಹೋಗಿ ಒಂದು ಶೀಶೆ ಮೂತ್ರ ಕೊಟ್ಟನೆನ್ನಿ. ಪರೀಕ್ಷೆಯ ಪಟ್ಟಿ ಅವನನ್ನು ಅಫೀಮು ಸೇವಿಸಿದವನೆಂದು ತೋರಿಸಬಹುದು. ಅದೇ ಸರತಿಯಲ್ಲಿ ನಿಂತ ಇನ್ನೊಬ್ಬ ಹಿಂದಿನ ರಾತ್ರಿ ಹೊಸ ಬಗೆಯ ಅಮಲಿನ ಪುಡಿ ಸೇವಿಸಿ ಬಂದಿದ್ದರೂ ಅದೇ ಪಟ್ಟಿ ಅವನನ್ನು ಶುದ್ಧನೆಂದು ಕಳಿಸಿಬಿಡಬಹುದು.

ಇದು ಹೇಗೆ ಸಾಧ್ಯ? ಉತ್ತರ ಪಿ.ಯು.ಸಿ. ರಸಾಯನಶಾಸ್ತ್ರದ ಆಚೆಗೇನೂ ಇಲ್ಲ. ಆದರೆ ಅದನ್ನು ತಿಳಿಯದೆ ಎಷ್ಟೋ ತಂದೆತಾಯಂದಿರು ಔಷಧದಂಗಡಿಯ ಒಂದು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಮಗನ ಚಾರಿತ್ರ್ಯವನ್ನು ನಿರ್ಧರಿಸಲು ಹೊರಟಿರುವುದರಿಂದ ಇಲ್ಲಿ ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ.

ಗಸಗಸೆ ಅಫೀಮು ಗಿಡದ ಬೀಜ. ನಮ್ಮ ದೇಶದಲ್ಲಿ ಮಧ್ಯಪ್ರದೇಶ, ರಾಜಸ್ತಾನ, ಉತ್ತರ ಪ್ರದೇಶಗಳ ಕೆಲವು ಜಿಲ್ಲೆಗಳಲ್ಲಿ ಸರ್ಕಾರದ ಪರವಾನಗಿಯ ಮೇಲೆ ಇದನ್ನು ಬೆಳೆಯುತ್ತಾರೆ. ಹಸಿ ಕಾಯಿಯನ್ನು ಗೀರಿದರೆ ಒಸರುವ ಹಾಲಿನಲ್ಲಿ ಮಾರ್ಫೀನ್, ಕೊಡೀನ್, ಥೀಬೇನ್ ಮುಂತಾದ ಕ್ಷಾರಾಭಗಳಿರುತ್ತವೆ. ಬೀಜದೊಳಗೆ ಅವು ಹೆಚ್ಚು ಕಡಿಮೆ ಇಲ್ಲ. ಕಾಯಿ ಒಡೆದು ಬೀಜ ತೆಗೆಯುವಾಗ ಹಾಲಿನ ಅಂಶ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ತೊಳೆದು ಹುರಿದರೆ ಬಹಳಷ್ಟು ಹೋಗುತ್ತದೆ, ಪೂರ್ತಿ ಹೋಗುವುದಿಲ್ಲ. ಉಳಿದ ಚೂರು ಅಮಲೇರಿಸಲು ಸಾಲದು, ಆದರೆ ಪರೀಕ್ಷೆಗೆ ಸಾಕು. ಏಕೆಂದರೆ ಪರೀಕ್ಷೆ ಅಳೆಯುವುದು ನ್ಯಾನೊಗ್ರಾಂಗಳಲ್ಲಿ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿ ಅದರಲ್ಲಿ ಒಂದು ಪಾಲು ತೆಗೆದರೆ ಅದು ಒಂದು ನ್ಯಾನೊಗ್ರಾಂ.

ಅಮೆರಿಕದಲ್ಲಿ ಸರ್ಕಾರಿ ನೌಕರರ ಪರೀಕ್ಷೆಗೆ ಮೊದಲು ಮಿಲಿಲೀಟರ್ ಮೂತ್ರಕ್ಕೆ 300 ನ್ಯಾನೊಗ್ರಾಂ ಮಾರ್ಫೀನ್ ಎಂಬ ಗಡಿ ಇತ್ತು. ಗಸಗಸೆ ಉದುರಿಸಿದ ಬನ್ನು ತಿಂದವರೆಲ್ಲ ಗಡಿ ದಾಟತೊಡಗಿದಾಗ, 1998ರಲ್ಲಿ ಅದನ್ನು ಒಮ್ಮೆಲೇ 2000ಕ್ಕೆ ಏರಿಸಬೇಕಾಯಿತು. ಅಷ್ಟಾದರೂ ತಂಟೆ ಮುಗಿಯಲಿಲ್ಲ. 2023ರ ಫೆಬ್ರುವರಿಯಲ್ಲಿ ಅಲ್ಲಿನ ರಕ್ಷಣಾ ಇಲಾಖೆ ಸೈನಿಕರಿಗೆ ಗಸಗಸೆಯ ತಿಂಡಿಯನ್ನೇ ಬಿಡಿ ಎಂದು ಸೂಚನೆ ಕಳಿಸಿತು. ಮಾರುಕಟ್ಟೆಯಲ್ಲಿ ಸಿಗುವ ಅನೇಕ ಅಗ್ಗದ ಪಟ್ಟಿಗಳ ಗಡಿ ಇಂದಿಗೂ ಹಳೆಯ 300.

ಈ ಬಗೆಯ ಸಾಮೂಹಿಕ ಪರೀಕ್ಷೆ ಹುಟ್ಟಿದ ಕಥೆಯೂ ಸೈನ್ಯದ್ದೇ. 1971ರಲ್ಲಿ ವಿಯೆಟ್ನಾಂನಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಹೆರಾಯಿನ್ ಚಟ ಹಬ್ಬಿದೆಯೆಂಬ ಸುದ್ದಿ ಬಂದಾಗ ಅಧ್ಯಕ್ಷ ನಿಕ್ಸನ್ನರ ಸರ್ಕಾರ ಒಂದು ನಿಯಮ ಮಾಡಿತು: ಊರಿಗೆ ಹೊರಡುವ ಪ್ರತಿ ಸೈನಿಕನೂ ಮೂತ್ರ ಕೊಡಬೇಕು, ಹೆರಾಯಿನ್ನಿನ ಅಂಶ ಸಿಕ್ಕವನು ಚಿಕಿತ್ಸೆ ಮುಗಿಸಿಯೇ ವಿಮಾನ ಹತ್ತಬೇಕು. ಈ ಕಾರ್ಯಾಚರಣೆಗೆ ‘ಗೋಲ್ಡನ್ ಫ್ಲೋ’, ಅಂದರೆ ‘ಹೊನ್ನಿನ ಹರಿವು’ ಎಂಬ ಅಡ್ಡಹೆಸರು ಬಿತ್ತು! ಅದರ ಮುಂದಿನ ಭಾಗ ಅಷ್ಟಾಗಿ ಪ್ರಚಾರ ಪಡೆಯಲಿಲ್ಲ. ಲೀ ರಾಬಿನ್ಸ್ ಎಂಬ ಸಂಶೋಧಕಿ ಆ ಸೈನಿಕರನ್ನು ಊರಿಗೆ ಮರಳಿದ ಮೇಲೆ ಹುಡುಕಿ ಮಾತನಾಡಿಸಿದರು. ಅಲ್ಲಿ ಚಟಕ್ಕೆ ಬಿದ್ದಿದ್ದವರಲ್ಲಿ ಬಹುಪಾಲು ಜನ ಮನೆ, ಊರು, ಕೆಲಸ ಸಿಕ್ಕಮೇಲೆ ಮತ್ತೆ ಚಟಕ್ಕೆ ಬಿದ್ದಿರಲಿಲ್ಲ.

ಗೆರೆ ಮೂಡಿದರೆ ಇಲ್ಲ, ಮೂಡದಿದ್ದರೆ ಉಂಟು

ಪಟ್ಟಿಯೊಳಗೆ ನಡೆಯುವುದು ಒಂದು ಬಗೆಯ ಪೈಪೋಟಿ. ಕೋವಿಡ್ ಕಾಲದಲ್ಲಿ ಮೂಗಿನ ದ್ರವದ ಪಟ್ಟಿಯನ್ನು ಎಲ್ಲರೂ ನೋಡಿದ್ದಾರೆ. ಅಲ್ಲಿ ಎರಡು ಗೆರೆ ಬಂದರೆ ಸೋಂಕು ಉಂಟೆಂದು ಅರ್ಥ. ಮಾದಕದ ಪಟ್ಟಿಯಲ್ಲಿ ಇದು ತಿರುವುಮುರುವು. ಪಟ್ಟಿಯ ತಳದಲ್ಲಿ ಬಣ್ಣ ಹಚ್ಚಿದ ಪ್ರತಿಕಾಯಗಳಿರುತ್ತವೆ. ಒಂದು ನಿರ್ದಿಷ್ಟ ಮಾದಕದ ಅಣುವನ್ನು ಬೀಗಕ್ಕೆ ಕೀಲಿಯಂತೆ ಹಿಡಿಯುವ ಪ್ರೋಟೀನುಗಳವು. ಮೂತ್ರ ಬತ್ತಿಯಲ್ಲಿ ಎಣ್ಣೆ ಏರುವಂತೆ ಪಟ್ಟಿಯಲ್ಲಿ ಏರುವಾಗ ಅವನ್ನೂ ಹೊತ್ತು ಸಾಗುತ್ತದೆ. ಗೆರೆ ಮೂಡಬೇಕಾದ ಜಾಗದಲ್ಲಿ ಅದೇ ಮಾದಕದ ಅಣುಗಳನ್ನು ಮೊದಲೇ ಅಂಟಿಸಿರುತ್ತಾರೆ. ಮೂತ್ರದಲ್ಲಿ ಮಾದಕವಿಲ್ಲದಿದ್ದರೆ ಕೈ ಖಾಲಿ ಇರುವ ಪ್ರತಿಕಾಯಗಳು ಅಲ್ಲಿ ಹಿಡಿದು ನಿಂತು ಬಣ್ಣದ ಗೆರೆ ಮೂಡಿಸುತ್ತವೆ. ಮೂತ್ರದಲ್ಲೇ ಮಾದಕವಿದ್ದರೆ ಪ್ರತಿಕಾಯಗಳ ಕೈ ದಾರಿಯಲ್ಲೇ ತುಂಬಿಹೋಗಿ ಗೆರೆ ಮೂಡುವುದಿಲ್ಲ. ಗೆರೆ ಕಾಣದ್ದಕ್ಕೆ ಸಂತೋಷಪಟ್ಟ ತಂದೆಯೂ, ಗೆರೆ ಕಂಡು ಮಗನಿಗೆ ಹೊಡೆದ ತಂದೆಯೂ ಇದ್ದರೆ ಆಶ್ಚರ್ಯವಿಲ್ಲ.

ಪ್ರತಿಕಾಯಕ್ಕೆ ಕಣ್ಣಿಲ್ಲ, ಅದು ತಡವಿ ನೋಡುವ ಕುರುಡ. ಆಕಾರ ಹೋಲಿದರೆ ಹಿಡಿಯುತ್ತದೆ. ನೆಗಡಿಯ ಮಾತ್ರೆಯಲ್ಲಿರುವ ಸ್ಯೂಡೊಎಫಿಡ್ರಿನ್ ಆಂಫೆಟಮೈನ್‌ನಂತೆ ತೋರಬಹುದು. ಕೆಮ್ಮಿನ ಔಷಧದ ಕೊಡೀನ್ ಯಕೃತ್ತಿನಲ್ಲಿ ಭಾಗಶಃ ಮಾರ್ಫೀನೇ ಆಗುತ್ತದೆ. ಪಂಜಾಬಿನಲ್ಲಿ 2018ರ ಜುಲೈನಲ್ಲಿ ಸರ್ಕಾರಿ ನೌಕರರಿಗೆಲ್ಲ ಮಾದಕ ಪರೀಕ್ಷೆ ಎಂದು ಮುಖ್ಯಮಂತ್ರಿ ಅಮರಿಂದರ್ ಸಿಂಗ್ ಆದೇಶಿಸಿದಾಗ ರಾಜಕಾರಣಿಗಳು ತಾವೂ ಶುದ್ಧರೆಂದು ತೋರಿಸಲು ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದ್ದರು. ಆ ಉತ್ಸಾಹದಲ್ಲಿ ನೆಗಡಿ ಕೆಮ್ಮಿನ ಮಾತ್ರೆಗಳನ್ನು ಯಾರು ನೆನೆಸಿಕೊಂಡಾರು!

ಆಕಾರ ಹೋಲದಿದ್ದರೆ? ಪ್ರತಿಕಾಯ ಮುಟ್ಟಿಯೂ ನೋಡುವುದಿಲ್ಲ. ಹೊಸ ಮಾದಕಗಳ ತಂತ್ರವೆಲ್ಲ ಇರುವುದು ಇಲ್ಲೇ.

ಮೆಫೆಡ್ರೋನ್ ಎಂಬ ಪುಡಿಯನ್ನು ನೋಡಿ. 1929ರಲ್ಲೇ ಇದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ್ದರೂ ಮುಕ್ಕಾಲು ಶತಮಾನ ಯಾರೂ ಗಮನಿಸಿರಲಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಅದು ಯುರೋಪಿನ ಪೇಟೆಗೆ ‘ಗಿಡಗಳ ಗೊಬ್ಬರ’ ಎಂಬ ಚೀಟಿ ಅಂಟಿಸಿಕೊಂಡು ಬಂತು. ಬ್ರಿಟನ್ ಅದನ್ನು 2010ರ ಏಪ್ರಿಲ್‌ನಲ್ಲಿ ನಿಷೇಧಿಸಿತು. ಅಷ್ಟರಲ್ಲಿ ಮುಂಬಯಿಗೂ ಬಂದು ‘ಮ್ಯಾಂವ್ ಮ್ಯಾಂವ್’ ಎನಿಸಿಕೊಂಡಿತು. ನಮ್ಮ ಮಾದಕ ವಸ್ತು ಕಾಯ್ದೆಯ ಪಟ್ಟಿಗೆ ಅದು ಸೇರಿದ್ದು 2015ರ ಫೆಬ್ರುವರಿಯಲ್ಲಿ. ಒಂದು ಹೆಸರನ್ನು ನಿಷೇಧಿಸಿದೊಡನೆ ತಯಾರಕರು ಅಣುವಿನ ಬೆಂಜೀನ್ ಉಂಗುರದಲ್ಲಿ ನಾಲ್ಕನೆಯ ಮೂಲೆಯಲ್ಲಿದ್ದ ಮೀಥೈಲ್ ಗುಂಪನ್ನು ಮೂರನೆಯದಕ್ಕೆ ಸರಿಸುತ್ತಾರೆ. ಅಮಲು ಹೆಚ್ಚು ಕಡಿಮೆ ಅದೇ, ಹೆಸರು ಬೇರೆ, ಪಟ್ಟಿಯಲ್ಲಿ ಇಲ್ಲ.

‘ಸ್ಪೈಸ್’ ಎಂಬ ಹೆಸರಿನ ಸೊಪ್ಪಿನ ಪೊಟ್ಟಣದ ಕಥೆ ಇನ್ನೂ ವಿಚಿತ್ರ. ಧೂಪದ ಸೊಪ್ಪೆಂದು ಮಾರುತ್ತಿದ್ದರು; ಸೇದಿದವರಿಗೆ ಗಾಂಜಾದ ಅಮಲು, ಪರೀಕ್ಷೆಯಲ್ಲಿ ಮಾತ್ರ ಗಾಂಜಾ ಇಲ್ಲ. 2008ರ ಕೊನೆಯಲ್ಲಿ ಜರ್ಮನಿಯ ರಸಾಯನತಜ್ಞರು ಒಗಟು ಬಿಡಿಸಿದರು. ಸೊಪ್ಪು ನೆಪಕ್ಕೆ, ಅದರ ಮೇಲೆ ಸಿಂಪಡಿಸಿದ್ದು ‘ಜೆಡಬ್ಲ್ಯುಎಚ್-018’ ಎಂಬ ಕೃತಕ ರಾಸಾಯನಿಕ. ಆ ಮೂರು ಅಕ್ಷರ ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಜಾನ್ ಡಬ್ಲ್ಯು. ಹಫ್‌ಮನ್ನರ ಹೆಸರಿನ ಮೊದಲಕ್ಷರಗಳು. ಮೆದುಳು ಗಾಂಜಾಕ್ಕೆ ಹೇಗೆ ಸ್ಪಂದಿಸುತ್ತದೆಂದು ತಿಳಿಯಲು ಅವರು ಇಂಥ ನೂರಾರು ಅಣುಗಳನ್ನು ಮಾಡಿ ವಿಜ್ಞಾನ ಪತ್ರಿಕೆಗಳಲ್ಲಿ ಪ್ರಕಟಿಸಿದ್ದರು. ಕಳ್ಳ ತಯಾರಕರಿಗೆ ಅದೇ ಅಡುಗೆ ಪುಸ್ತಕವಾಯಿತು. ನೋವು ಕಡಿಮೆ ಮಾಡಲೆಂದು 1950ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಮಾಡಿ, ಅಪಾಯಕಾರಿಯೆಂದು ಕೈಬಿಟ್ಟ ನೈಟಜೀನ್‌ಗಳೂ 2019ರಿಂದೀಚೆಗೆ ಹೀಗೆಯೇ ಮರುಹುಟ್ಟು ಪಡೆದಿವೆ. ಅಫೀಮು ಹುಡುಕುವ ಪಟ್ಟಿ ಅವನ್ನು ಗುರುತಿಸುವುದಿಲ್ಲ. ವಿಶ್ವಸಂಸ್ಥೆಯ ಮಾದಕ ಮತ್ತು ಅಪರಾಧ ಕಚೇರಿಗೆ ವರದಿಯಾದ ಇಂಥ ಹೊಸ ವಸ್ತುಗಳ ಸಂಖ್ಯೆ 1200 ದಾಟಿದೆ.

ಬಳೆಯ ಚೂರಿನಿಂದ ಬಳೆಯ ಗುರುತು

ಹಾಗಾದರೆ ಪ್ರಯೋಗಾಲಯ ಏನು ಮಾಡುತ್ತದೆ? ಮೊದಲು ಬೇರ್ಪಡಿಸುತ್ತದೆ. ಒತ್ತುಕಾಗದದ ಮೇಲೆ ಶಾಯಿಯ ಚುಕ್ಕೆ ಇಟ್ಟು ತುದಿಯನ್ನು ನೀರಿಗೆ ಮುಟ್ಟಿಸಿದರೆ ನೀಲಿ ಒಂದು ಕಡೆ, ಕೆಂಪು ಒಂದು ಕಡೆ ಸರಿಯುವುದನ್ನು ಹೈಸ್ಕೂಲಿನಲ್ಲಿ ನೋಡಿದವರಿಗೆ ಕ್ರೊಮ್ಯಾಟೊಗ್ರಫಿ ಹೊಸತಲ್ಲ. ಮೆಣಸಿನಪುಡಿಯಲ್ಲಿ ಸೂಡಾನ್ ಎಂಬ ಕೃತಕ ಕೆಂಪು ಬೆರೆತಿದೆಯೇ ಎಂದು ಪತ್ತೆ ಹಚ್ಚುವುದೂ ಇದೇ ವಿದ್ಯೆಯಿಂದ. ವಿದೇಶಕ್ಕೆ ಹೋಗುವ ಮೆಣಸಿನ ಸರಕಿಗೆ ಇಂಥ ಪರೀಕ್ಷೆ ಎಷ್ಟು ಮುಖ್ಯವೆಂದು ಬ್ಯಾಡಗಿ ಪೇಟೆಯ ವರ್ತಕರಿಗೆ ಹೇಳಿಕೊಡಬೇಕಿಲ್ಲ. ಮೂತ್ರದಲ್ಲಿರುವ ಸಾವಿರಾರು ವಸ್ತುಗಳು ಸಣ್ಣ ಕೊಳವೆಯೊಳಗೆ ಓಡಿ, ಒಂದೊಂದು ಒಂದೊಂದು ಹೊತ್ತಿಗೆ ಹೊರಗೆ ಬರುತ್ತವೆ.

ಹೊರಬಂದುದನ್ನು ಮಾಸ್ ಸ್ಪೆಕ್ಟ್ರೊಮೀಟರ್ ಎಂಬ ಯಂತ್ರ ತೂಗುತ್ತದೆ. ತೂಗುವುದಷ್ಟೇ ಅಲ್ಲ, ಒಡೆಯುತ್ತದೆ. ಒಡೆದ ಬಳೆಯ ಚೂರುಗಳನ್ನು ನೋಡಿಯೇ ಇದು ಯಾರ ಕೈಯ ಬಳೆ ಎಂದು ಬಳೆಗಾರ ಹೇಳಬಲ್ಲನಷ್ಟೆ. ಹಾಗೆ ಪ್ರತಿ ಅಣುವೂ ತನ್ನದೇ ರೀತಿಯಲ್ಲಿ ಒಡೆಯುತ್ತದೆ. ತೂಕದ ಸೂಕ್ಷ್ಮತೆ ಎಷ್ಟೆಂಬುದಕ್ಕೆ ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬಹುದು. ಪಠ್ಯಪುಸ್ತಕದಲ್ಲಿ ಸಾರಜನಕದ ಅಣುವಿನ ತೂಕ 28. ಇಂಗಾಲದ ಮಾನಾಕ್ಸೈಡಿನದೂ 28. ಎಥಿಲೀನಿನದೂ 28. ಆದರೆ ನಿಖರವಾಗಿ ತೂಗಿದರೆ ಇವು ಕ್ರಮವಾಗಿ 28.0061, 27.9949 ಮತ್ತು 28.0313. ನಾಲ್ಕನೆಯ ದಶಮಾಂಶ ಸ್ಥಾನದವರೆಗೆ ತೂಗುವ ಯಂತ್ರಕ್ಕೆ ಮೂರೂ ಬೇರೆ ಬೇರೆ. ಮೆಫೆಡ್ರೋನ್ ತೂಕ 177.1154. ಅಷ್ಟು ತೂಗಿದ್ದು ಕಂಡರೆ ಅದರಲ್ಲಿ 11 ಇಂಗಾಲ, 15 ಜಲಜನಕ, ಒಂದು ಸಾರಜನಕ, ಒಂದು ಆಮ್ಲಜನಕ ಇರಬಹುದೆಂದು ಊಹಿಸಬಹುದು, ಪಟ್ಟಿಯಲ್ಲಿ ಅದರ ಹೆಸರೇ ಇಲ್ಲದಿದ್ದರೂ ಸಹ.

ಒಂದು ತೊಡಕು ಮಾತ್ರ ಇಲ್ಲೂ ತಪ್ಪದು. ಮೂರನೆಯ ಮೂಲೆಯ ಮೀಥೈಲೂ ನಾಲ್ಕನೆಯ ಮೂಲೆಯ ಮೀಥೈಲೂ ತೂಕದಲ್ಲಿ ಒಂದೇ. ಇಂಥ ಸಮಾಂಗಿಗಳನ್ನು ಬೇರ್ಪಡಿಸಬೇಕಾದರೆ ಕೊಳವೆಯಿಂದ ಹೊರಬರುವ ಹೊತ್ತನ್ನೇ ನಂಬಬೇಕು. ಅದಕ್ಕೆ ಹೋಲಿಕೆಗಾಗಿ ಶುದ್ಧ ಮಾದರಿ ಕೈಯಲ್ಲಿರಬೇಕು. ನಿನ್ನೆ ಪೇಟೆಗೆ ಬಂದ ವಸ್ತುವಿನ ಶುದ್ಧ ಮಾದರಿ ಎಲ್ಲಿಂದ ತರುವುದು?

ಮೇಲಾಗಿ, ತಿಂದದ್ದೇ ಮೂತ್ರದಲ್ಲಿ ಬರುವುದಿಲ್ಲ. ಯಕೃತ್ತು ಹೊಕ್ಕ ವಸ್ತುವಿಗೆ ಆಮ್ಲಜನಕ ಅಂಟಿಸಿ, ಮೇಲೆ ಸಕ್ಕರೆಯಂಥ ಗ್ಲುಕ್ಯುರಾನಿಕ್ ಆಮ್ಲದ ಬಾಲ ಕಟ್ಟಿ, ನೀರಿನಲ್ಲಿ ಕರಗುವಂತೆ ಮಾಡಿ ಹೊರಹಾಕುತ್ತದೆ. ಸ್ಪೈಸ್ ಸೇದಿದವನ ಮೂತ್ರದಲ್ಲಿ ಸೇದಿದ ವಸ್ತು ಮೂಲರೂಪದಲ್ಲಿ ಸಿಗುವುದೇ ಅಪರೂಪ; ಅದರ ಮಕ್ಕಳು ಮೊಮ್ಮಕ್ಕಳು ಸಿಗುತ್ತವೆ. ಆದ್ದರಿಂದ ಹೊಸ ಮಾದಕವೊಂದು ಸಿಕ್ಕಾಗ ವಿಜ್ಞಾನಿಗಳು ಅದನ್ನು ಮಾನವ ಯಕೃತ್ತಿನ ಕೋಶಗಳಿಂದ ತೆಗೆದ ಕಿಣ್ವಗಳ ಜತೆ ಪ್ರನಾಳದಲ್ಲಿ ಬೆರೆಸಿ, ಏನೇನಾಗುತ್ತದೆಂದು ನೋಡಿ ಬರೆದಿಡುತ್ತಾರೆ. ಇನ್ನೊಂದು ಅನುಕೂಲವೂ ಉಂಟು. ಯಂತ್ರ ದಾಖಲಿಸಿದ ಅಂಕಿಗಳನ್ನೆಲ್ಲ ಉಳಿಸಿಟ್ಟರೆ, ಎರಡು ವರ್ಷದ ನಂತರ ಹೊಸ ವಸ್ತುವಿನ ಗುರುತು ತಿಳಿದಾಗ ಹಳೆಯ ಕಡತ ತೆಗೆದು ಅಂದೇ ಅದು ಇತ್ತೇ ಎಂದು ನೋಡಬಹುದು. ಹಳೆಯ ಗುಂಪುಚಿತ್ರದಲ್ಲಿ ಆಗ ಗೊತ್ತಿಲ್ಲದ ಮುಖವನ್ನು ಈಗ ಗುರುತಿಸಿದಂತೆ.

ಪಾಯಸ ಉಂಡ ಹುಡುಗ ಬಚಾವಾಗುವುದೂ ಇಲ್ಲೇ. ಹೆರಾಯಿನ್ ದೇಹದಲ್ಲಿ ಮಾರ್ಫೀನ್ ಆಗುವ ಮೊದಲು 6-ಅಸಿಟೈಲ್ ಮಾರ್ಫೀನ್ ಎಂಬ ಹಂತವನ್ನು ದಾಟುತ್ತದೆ. ಅದು ಗಸಗಸೆಯಿಂದ ಬರಲಾರದು. ಗಸಗಸೆಯಲ್ಲಿರುವ ಥೀಬೇನ್ ಶುದ್ಧೀಕರಿಸಿದ ಹೆರಾಯಿನ್ನಿನಲ್ಲಿ ಇರುವುದಿಲ್ಲ. ಎರಡನ್ನೂ ಹುಡುಕುವ ಪ್ರಯೋಗಾಲಯಕ್ಕೆ ಪಾಯಸ ಯಾವುದು, ಪುಡಿ ಯಾವುದು ಎಂದು ಹೇಳುವುದು ಕಷ್ಟವಲ್ಲ. ಆದರೆ ಅಲ್ಲಿಯವರೆಗೆ ಮಾದರಿಯನ್ನು ಕಳಿಸಬೇಕಷ್ಟೆ.

ಬೆಂಗಳೂರಿನ ಶೀಶೆಗಳು

ಕರ್ನಾಟಕದ ಜನಸಾಮಾನ್ಯರಿಗೆ ಈ ಪರೀಕ್ಷೆಗಳ ಹೆಸರು ಪರಿಚಯವಾದದ್ದು 2020ರಲ್ಲಿ, ಕನ್ನಡ ಚಿತ್ರರಂಗದ ಮಾದಕ ಪ್ರಕರಣದಿಂದ. ಆಗ ಬೆಂಗಳೂರಿನ ಸಿ.ಸಿ.ಬಿ. ಪೊಲೀಸರು ಬಂಧಿಸಿದವರಿಂದ ಮೂತ್ರದ ಮಾದರಿ ತೆಗೆಸಿದರು. ಒಂದು ಮಾದರಿಗೆ ನೀರು ಬೆರೆಸಲಾಗಿತ್ತೆಂಬ ಆರೋಪವೂ ಪತ್ರಿಕೆಗಳಲ್ಲಿ ಬಂತು. ನೀರು ಬೆರೆಸಿದ್ದು ಹೇಗೆ ಗೊತ್ತಾಗುತ್ತದೆ? ಆಗಷ್ಟೇ ಕೊಟ್ಟ ಮೂತ್ರ ಮೈ ಬಿಸಿಯಷ್ಟೇ, ಅಂದರೆ 32ರಿಂದ 38 ಡಿಗ್ರಿ ಸೆಲ್ಸಿಯಸ್ ಇರಬೇಕು. ನಲ್ಲಿ ನೀರು ಬೆರೆತರೆ ತಣ್ಣಗಾಗುತ್ತದೆ. ಸ್ನಾಯುಗಳಿಂದ ಬರುವ ಕ್ರಿಯಾಟಿನಿನ್ ಡೆಸಿಲೀಟರಿಗೆ 20 ಮಿಲಿಗ್ರಾಂಗಿಂತ ಕಡಿಮೆಯಾದರೆ ಮಾದರಿ ತೆಳುವಾಗಿದೆಯೆಂದು ಅನುಮಾನ. ಸಾಪೇಕ್ಷ ಸಾಂದ್ರತೆಯನ್ನೂ ನೋಡುತ್ತಾರೆ. ಹಾಲಿಗೆ ನೀರು ಬೆರೆಸಿದ್ದನ್ನು ಲ್ಯಾಕ್ಟೊಮೀಟರ್ ಹಿಡಿಯುವ ಹಾಗೆಯೇ.

ಮೂತ್ರದ ಸಾಕ್ಷ್ಯ ಬಹುಕಾಲ ನಿಲ್ಲದು. ಎಂ.ಡಿ.ಎಂ.ಎ., ಕೊಕೇನುಗಳ ಗುರುತು ಎರಡರಿಂದ ನಾಲ್ಕು ದಿನ. ಗಾಂಜಾ ಒಮ್ಮೆ ಸೇದಿದವನಲ್ಲಿ ಮೂರು ದಿನ, ನಿತ್ಯ ಸೇದುವವನಲ್ಲಿ ತಿಂಗಳವರೆಗೂ ಉಳಿದೀತು. ಅದು ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಇಳಿಯುತ್ತದೆ. ಕೂದಲು ಮಾತ್ರ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತ ದಿನಚರಿ ಬರೆದಿಡುತ್ತದೆ. ಚಿತ್ರರಂಗದ ಪ್ರಕರಣದಲ್ಲಿ ಕೂದಲಿನ ಮಾದರಿ ಹೈದರಾಬಾದಿನ ಕೇಂದ್ರೀಯ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಯಿತು. ಮಾದಕ ಸೇವನೆ ದೃಢಪಟ್ಟಿದೆಯೆಂಬ ವರದಿ ಬಂದದ್ದು 2021ರ ಆಗಸ್ಟಿನಲ್ಲಿ. ಮುಂದೆ ಕೆಲವರ ಮೇಲಿನ ಮೊಕದ್ದಮೆಯನ್ನು ಹೈಕೋರ್ಟ್ ರದ್ದುಮಾಡಿತು. ಪ್ರಯೋಗಾಲಯ ಹೇಳುವುದು ದೇಹದಲ್ಲಿ ಏನಿತ್ತೆಂದು. ಅಪರಾಧ ನಡೆಯಿತೇ, ಎಲ್ಲಿ, ಯಾರಿಂದ ಎಂಬುದು ನ್ಯಾಯಾಲಯದ ಬೇರೆಯೇ ಲೆಕ್ಕ. 2024ರ ಮೇ ತಿಂಗಳಲ್ಲಿ ಬೆಂಗಳೂರಿನ ಹೊರವಲಯದ ಹೆಬ್ಬಗೋಡಿ ಬಳಿಯ ತೋಟದ ಮನೆಯ ಪಾರ್ಟಿಯ ಮೇಲೆ ದಾಳಿ ನಡೆದಾಗ 103 ಜನರ ರಕ್ತ ಪರೀಕ್ಷೆ ಮಾಡಿಸಲಾಯಿತು. 86 ಜನರಲ್ಲಿ ಮಾದಕದ ಅಂಶ ಸಿಕ್ಕಿತೆಂದು ಪೊಲೀಸರು ಹೇಳಿದರು.

ಊರಿನ ಗುಟ್ಟು ಹೊಳೆಯಲ್ಲಿ

ಒಬ್ಬೊಬ್ಬನನ್ನು ಹಿಡಿಯದೆಯೂ ಊರಿನ ಆರೋಗ್ಯ ತಿಳಿಯುವ ದಾರಿಯಿದೆ. ಇದು ತುಂಗಭದ್ರೆಯ ದಂಡೆಯ ಕುಮಾರಪಟ್ಟಣದವರಿಗೆ ಬೇಗ ಅರ್ಥವಾಗುವ ಮಾತು. ನೀಲಗಿರಿ ಕಟ್ಟಿಗೆಯಿಂದ ರೇಯಾನ್ ತಿರುಳು ತೆಗೆಯುವ ಕಾರ್ಖಾನೆ ಇಲ್ಲಿ ಬಂದದ್ದು 1970ರ ದಶಕದಲ್ಲಿ. ತ್ಯಾಜ್ಯನೀರಿನಿಂದ ಹೊಳೆ ಕೆಡುತ್ತಿದೆ, ಮೀನು ಸಾಯುತ್ತಿವೆ ಎಂದು 1980ರ ದಶಕದಲ್ಲಿ ದಂಡೆಯ ಹಳ್ಳಿಗಳವರು ದನಿಯೆತ್ತಿದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಆ ಹೋರಾಟವನ್ನು ಬೆಳೆಸಿತು. ಮೇಲೆ ಏನು ನಡೆಯಿತೆಂದು ಕೆಳಗಿನ ಒಂದು ಬಾಟಲಿ ನೀರು ಹೇಳುತ್ತದೆ ಎಂಬುದನ್ನು ಅಂದಿನವರು ಪುಸ್ತಕ ಓದಿ ಕಲಿಯಲಿಲ್ಲ.

ಇಟಲಿಯ ಮಿಲಾನಿನ ವಿಜ್ಞಾನಿಗಳು 2005ರಲ್ಲಿ ಮಾಡಿದ್ದೂ ಅದನ್ನೇ. ಅವರು ಪೋ ನದಿಯ ನೀರಿನಲ್ಲಿ ಕೊಕೇನ್ ಮೂತ್ರದ ಮೂಲಕ ಹೊರಬರುವ ರೂಪವನ್ನು ಅಳೆದು, ದಿನಕ್ಕೆ ಸುಮಾರು ನಾಲ್ಕು ಕಿಲೊ ಕೊಕೇನಿಗೆ ಸಮನಾದಷ್ಟು ಹರಿದುಹೋಗುತ್ತಿದೆಯೆಂದು ಲೆಕ್ಕ ಹಾಕಿದರು. ಮನೆಮನೆಗೆ ಹೋಗಿ ಕೇಳಿದವರಿಗೆ ಸಿಕ್ಕಿದ್ದಕ್ಕಿಂತ ಅದು ಬಹಳ ಹೆಚ್ಚು. 2012ರಲ್ಲಿ ಲಂಡನ್ನಿನ ಸಂಶೋಧಕರು ನಗರ ಮಧ್ಯದಲ್ಲಿ ರಾತ್ರಿಯಿಟ್ಟ 12 ತಾತ್ಕಾಲಿಕ ಮೂತ್ರಾಲಯಗಳಿಂದ ಮಾದರಿ ತೆಗೆದು ಪರೀಕ್ಷಿಸಿದರು. ನಿಷೇಧವಾಗಿ ಎರಡು ವರ್ಷವಾಗಿದ್ದ ಮೆಫೆಡ್ರೋನ್ ಅಲ್ಲಿ ಸಿಕ್ಕಿತು. ಜತೆಗೆ ಬೇರೆ ಹೊಸ ವಸ್ತುಗಳೂ ಸಿಕ್ಕವು. ಯಾರ ಹೆಸರೂ ಕೇಳಲಿಲ್ಲ, ಯಾರ ಮಾನವೂ ಹೋಗಲಿಲ್ಲ. ಆಸ್ಪತ್ರೆಗಳಿಗೆ ಮಾತ್ರ ಯಾವ ವಿಷಕ್ಕೆ ಸಿದ್ಧರಿರಬೇಕೆಂದು ತಿಳಿಯಿತು. ಕೋವಿಡ್ ಕಾಲದಲ್ಲಿ ಬೆಂಗಳೂರಿನ ಚರಂಡಿ ನೀರಿನಲ್ಲಿ ವೈರಾಣು ಹುಡುಕಿದ ಅನುಭವ ನಮಗೂ ಇದೆ. ಹುಡುಕುವ ವಸ್ತು ಬದಲಾದರೆ ಸಾಕು.

ಇನ್ನು ಮನೆಯ ಮಾತು. ಮಗ ಹಾಸ್ಟೆಲಿನಿಂದ ಬಂದಾಗ ಕಣ್ಣು ಕೆಂಪಗಿದೆ, ಮಾತು ಕಡಿಮೆಯಾಗಿದೆ, ದುಡ್ಡಿನ ಲೆಕ್ಕ ಸರಿಹೊಂದುತ್ತಿಲ್ಲ ಎಂದು ಕಳವಳಗೊಂಡ ತಂದೆಗೆ ಔಷಧದಂಗಡಿಯ ಪಟ್ಟಿ ಸುಲಭದ ದಾರಿಯೆನಿಸುತ್ತದೆ. ಅದು ‘ಇಲ್ಲ’ ಎಂದರೆ ಹೊಸ ಪುಡಿಯ ಮಟ್ಟಿಗೆ ಆ ‘ಇಲ್ಲ’ಕ್ಕೆ ಬೆಲೆಯಿಲ್ಲ. ‘ಉಂಟು’ ಎಂದರೆ ದೃಢೀಕರಣವಾಗುವವರೆಗೆ ಆ ‘ಉಂಟು’ ಬರೀ ಅನುಮಾನ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಶಾಲೆಗಳಲ್ಲಿ ಸಾಮೂಹಿಕ ಮೂತ್ರ ಪರೀಕ್ಷೆಯನ್ನು ವಿರೋಧಿಸಿದ್ದಕ್ಕೆ ಇಂಥ ತಪ್ಪುಗಳೂ, ಪರೀಕ್ಷೆಯಿಂದ ಮುರಿಯುವ ನಂಬಿಕೆಯೂ ಕಾರಣ. ಕದ್ದು ತೆಗೆದ ಮಾದರಿ ಮಗನಿಗೆ ಗೊತ್ತಾದ ದಿನ ಅವನು ಮನೆಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸುತ್ತಾನೆ.

ಅನುಮಾನ ಗಟ್ಟಿಯಾಗಿದ್ದರೆ ವೈದ್ಯರ ಬಳಿಗೆ ಹೋಗುವುದು ಲೇಸು. ಹಾವೇರಿ ಜಿಲ್ಲೆಯವರಿಗೆ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ‘ಡಿಮ್ಹಾನ್ಸ್’ ದೂರವೇನಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಶುಲ್ಕವಿಲ್ಲ. ‘ವೈದ್ಯರಿಗೆ ಹೇಳಿದರೆ ಪೊಲೀಸರ ಕೈಗೆ ಹೋಗುತ್ತದೆ’ ಎಂಬ ಅಂಜಿಕೆ ಅನೇಕರನ್ನು ತಡೆಯುತ್ತದೆ. 1985ರ ಮಾದಕ ವಸ್ತು ಕಾಯ್ದೆಯ 64-ಎ ಕಲಮು, ಸ್ವಇಚ್ಛೆಯಿಂದ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಬಂದು ಅದನ್ನು ಪೂರೈಸುವ ವ್ಯಸನಿಗೆ ಸೇವನೆಯ ಅಪರಾಧದ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಇದನ್ನು ತಿಳಿದವರು ಕಡಿಮೆ.

ನೌಕರಿಗಾಗಿ ಪರೀಕ್ಷೆಗೆ ಹೋಗುವವರ ಸಂಖ್ಯೆಯೂ ಏರುತ್ತಿದೆ. 2022ರ ಜನವರಿ 31ರಿಂದ ನಮ್ಮ ವಿಮಾನಯಾನ ನಿಯಮಗಳ ಪ್ರಕಾರ ಪೈಲಟ್‌ಗಳು ಮತ್ತು ವಿಮಾನ ಸಂಚಾರ ನಿಯಂತ್ರಕರಿಗೆ ಹಠಾತ್ ಮಾದಕ ಪರೀಕ್ಷೆ ಬಂದಿದೆ. ಹಡಗಿನ ಕೆಲಸಕ್ಕೂ, ಕೊಲ್ಲಿಯ ಅನೇಕ ಕಂಪನಿಗಳಿಗೂ ಇದು ಬೇಕು. ಹೋಗುವ ಮೊದಲು ವಾರದೊಳಗೆ ನುಂಗಿದ ಮಾತ್ರೆಗಳ ಹೆಸರನ್ನೆಲ್ಲ ಬರೆದುಕೊಂಡು, ವೈದ್ಯರ ಚೀಟಿಯೊಂದಿಗೆ ಮೊದಲೇ ತಿಳಿಸಬೇಕು. ಶೀಶೆಗೆ ತನ್ನೆದುರೇ ಮೊಹರು ಹಾಕಿ ಸಹಿ ತೆಗೆದುಕೊಂಡರೇ ಎಂದು ನೋಡಬೇಕು. ಪಟ್ಟಿ ‘ಉಂಟು’ ಎಂದರೆ ಗಾಬರಿಯಾಗದೆ ಮಾಸ್ ಸ್ಪೆಕ್ಟ್ರೊಮೀಟರಿನ ದೃಢೀಕರಣವನ್ನು ಲಿಖಿತವಾಗಿ ಕೇಳಬೇಕು. ಮೂರು ದಿನ ಮೊದಲಿನಿಂದ ಗಸಗಸೆಯನ್ನು ಬಿಡುವುದು ಒಳ್ಳೆಯದು, ಮದುವೆ ಯಾರದೇ ಇರಲಿ. ಮತ್ತು ದುಬೈಗೆ ಹೊರಟ ಮಗನ ಪೆಟ್ಟಿಗೆಯಲ್ಲಿ ತಾಯಿ ಇಡುವ ಮಸಾಲೆ ಪೊಟ್ಟಣವನ್ನು ಇನ್ನೊಮ್ಮೆ ಬಿಚ್ಚಿ ನೋಡಬೇಕು. ಅದರಲ್ಲಿ ಗಸಗಸೆ ಇರಕೂಡದು. ಅಲ್ಲಿನ ಕಾನೂನಿನಲ್ಲಿ ಅದು ನಿಷಿದ್ಧ ವಸ್ತು.